ಪಟ್ಟಿಯಲ್ಲಿ ಬಿಟ್ಟ ಎರಡು ಸಾಲು

ಹಿರೇಬಾವಿಯ ಮಿಷನ್ ಕಂಪೌಂಡಿನಲ್ಲಿ, ದೇವಾಲಯದ ಹಿಂದಿನ ಹಂಚಿನ ಕೋಣೆಯೊಂದರಲ್ಲಿ, ಪೂಜ್ಯ ಯೂನಿಕೆಬಾಯಿಯವರು ಮೂವತ್ತೊಂದು ವರ್ಷ ವಾಸವಾಗಿದ್ದರು. ಮನೆಮನೆಗೆ ನಡೆದು ಹೆಂಗಸರಿಗೆ ಬೈಬಲ್ ಓದಿ ಹೇಳುವುದು ಕ್ರೈಸ್ತ ಸಭೆಯವರು ಅವರಿಗೆ ಒಪ್ಪಿಸಿದ ಸೇವೆ. ಪ್ರಭುಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ಒಗೆಯುವುದು ಮತ್ತು ಭೋಜನಕ್ಕೆ ಬರುವವರ ಹೆಸರು ಬರೆದುಕೊಳ್ಳುವುದು ಅವರು ತಾವಾಗಿಯೇ ವಹಿಸಿಕೊಂಡದ್ದು. ಅಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಹಿಂದಿನ ದಿನವೇ ಬಂದು ಹೆಸರು ಕೊಡಬೇಕು. ಯಾರ ಮೇಲಾದರೂ ಮುನಿಸು ಉಳಿದಿದ್ದರೆ ಕೊಡುವಂತಿಲ್ಲ. ಇದು ಆ ಸಭೆಯ ಹಳೆಯ ಕ್ರಮ.

೧೯೫೬ರ ಆಗಸ್ಟ್ ನಾಲ್ಕು, ಶನಿವಾರ. ಮಿಷನ್ ಶಾಲೆಯ ಸೀಲ ಮಾಸ್ತರರು ಮೂರು ದಿನದ ಉಪವಾಸದಿಂದ ಬಾಡಿದ ಮುಖ ಹೊತ್ತು ಬಾವಿಕಟ್ಟೆಗೆ ಬಂದರು. ಬಾಯಿಯವರು ಬಟ್ಟೆ ಒಗೆಯುತ್ತಿದ್ದರು.

"ಬಾಯಾರ, ಪಟ್ಟಿಯಿಂದ ನನ್ನ ಹೆಸರು ತಗದ್ಹಾಕ್ರಿ. ಈ ತಿಂಗಳಷ್ಟ ಅಲ್ಲ, ಕಾಯಂ."

ಕಾರಣ ಊರಿಗೇ ಗೊತ್ತಿತ್ತು. ಮಂಗಳವಾರ ಮಧ್ಯಾಹ್ನ ಸಾರಿಗೆ ಉಪ್ಪು ಸಾಲದೆಂದು ಮಾಸ್ತರರು ಕುದಿಯುವ ಪಾತ್ರೆಯನ್ನೇ ಬೀಸಿ ಎಸೆದಿದ್ದರು. ಹೆಂಡತಿ ಪೆರ್ಸಿಸ್‌ಬಾಯಿಯ ಬಲಗೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಬೆಂದುಹೋಗಿತ್ತು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಸುಗ್ಗಿ ಆರಾಧನೆಯಲ್ಲಿ ಎದ್ದುನಿಂತು, "ಕರ್ತನು ನನ್ನ ಸಿಟ್ಟನ್ನು ಬೇರುಸಹಿತ ಕಿತ್ತುಹಾಕಿದನು" ಎಂದು ಸಾಕ್ಷಿ ಹೇಳುತ್ತಿದ್ದವರು ಇದೇ ಮಾಸ್ತರರು. ಆ ಹತ್ತೊಂಬತ್ತು ವರ್ಷವೂ ಮನೆಯಲ್ಲಿ ತಟ್ಟೆಗಳು ಹಾರುತ್ತಿದ್ದವು. ಕೇಳುತ್ತಿದ್ದದ್ದು ಪಕ್ಕದ ಮನೆಯವರಿಗೆ ಮಾತ್ರ.

"ಹೊಸ ಮನುಷ್ಯ ಆಗೇನಿ ಅಂತ ನಾನೂ ನಂಬಿದ್ದೆ," ಎಂದರು ಮಾಸ್ತರರು. "ಒಳಗ ನೋಡಿದ್ರ ನಮ್ಮಪ್ಪನ ಸಿಟ್ಟು ಹಂಗ ಕುಂತದ. ಬುಧವಾರ ಪ್ರಾರ್ಥನಾಕೂಟದಾಗ ಮಣಕಾಲೂರಿ ಎಲ್ಲಾರ ಮುಂದ ಪಾಪ ಒಪ್ಪಿಕೊಂಡೆ. ಹಿರಿಯರು ಅತ್ತರು. ನನಗ ಏನೂ ಅನಿಸಲಿಲ್ಲ. ದೇವರು ನನ್ನ ಕೈಬಿಟ್ಟಾನ್ರಿ."

ಬಾಯಿಯವರು ತಲೆ ಎತ್ತಲಿಲ್ಲ. "ಆ ತುದಿ ಹಿಡೀರಿ, ಹಿಂಡೂಣು."

ಇಬ್ಬರೂ ಬಟ್ಟೆಯನ್ನು ತಿರುಚಿದರು. ನೀರು ಇಬ್ಬರ ಕಾಲ ಮೇಲೂ ಸುರಿಯಿತು. ಮಾಸ್ತರರಿಗೆ ತಡೆಯಲಾಗಲಿಲ್ಲ.

"ನಿಮಗ ಈ ಶಾಂತಗುಣ ಹೆಂಗ ಬಂತ್ರಿ? ಅದನ್ನರ ಹೇಳ್ರಿ."

"ನಾ ಶಾಂತ ಅದೀನಿ ಅಂತ ಯಾರು ಹೇಳಿದ್ರು? ನಮ್ಮ ನಾದಿನೀನ್ನ ಕೇಳ್ರಿ." ಬಾಯಿಯವರು ಬಟ್ಟೆ ಕೊಡವಿ ಹಗ್ಗದ ಮೇಲೆ ಹಾಕಿದರು. ಆಮೇಲೆ ಅವರತ್ತ ತಿರುಗಿ ಕೇಳಿದರು: "ದೇವರ ಮುಂದ ಕೇಳಿದ್ರಿ, ಸಭೆ ಮುಂದ ಕೇಳಿದ್ರಿ. ಆಕೀನ್ನ ಕ್ಷಮಾ ಕೇಳಿದ್ರೇನು? ಆ ಕೈಗೆ ಮುಲಾಮು ಯಾರು ಹಚ್ಚತಾರ?"

ಮಾಸ್ತರರಿಗೆ ಬುಧವಾರದ ಕೂಟ ನೆನಪಾಯಿತು. ತಾವು ಬೈಬಲಿನ ವಚನದ ಮೇಲೆ ವಚನ ಹೇಳಿ ಅಳುತ್ತಿದ್ದಾಗ ಹೆಂಗಸರ ಬದಿಯ ಕೊನೆಯ ಚಾಪೆಯಲ್ಲಿ ಬಿಳಿ ಪಟ್ಟಿ ಸುತ್ತಿದ ಕೈಯೊಂದು ಇತ್ತು. ತಾವು ಆ ಕಡೆ ತಿರುಗಿಯೇ ಇರಲಿಲ್ಲ. ಮುಲಾಮು ಹಚ್ಚುತ್ತಿದ್ದವಳು ಪಕ್ಕದ ಮನೆಯ ಮಿಲ್ಕಮ್ಮ.

ಮಾಸ್ತರರು ಮನೆಗೆ ಹೋಗಿ ಒಲೆಯ ಬಳಿ ಕೂತಿದ್ದ ಹೆಂಡತಿಯ ಮುಂದೆ ನೆಲದ ಮೇಲೆ ಕುಳಿತರು. ಒಂದು ವಚನವೂ ನೆನಪಾಗಲಿಲ್ಲ. "ತಪ್ಪು ನಂದು. ಕ್ಷಮಾ ಮಾಡು," ಎಂದಷ್ಟೇ ಹೇಳಿದರು.

ಪೆರ್ಸಿಸ್‌ಬಾಯಿ ಬೆಂದ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ನನಗ ಹೂಂ ಅನ್ನಾಕ ಬರವಲ್ದು. ಅಂದ್ರ ಸುಳ್ಳಾಗತೈತಿ. ಇಂಥಾ ಮನಸ್ಸಿನಾಗ ನಾನೂ ಹೆಸರು ಕೊಡಂಗಿಲ್ಲ."

ಇಪ್ಪತ್ತಾರು ವರ್ಷ ಒಂದು ಭೋಜನವನ್ನೂ ತಪ್ಪಿಸದಿದ್ದ ಹೆಂಗಸು. ಆಕೆಯ ಕೈಯನ್ನಷ್ಟೇ ಅಲ್ಲ, ಆಕೆಯ ಭೋಜನವನ್ನೂ ತಾವು ಕಸಿದುಕೊಂಡೆವೆಂದು ಮಾಸ್ತರರಿಗೆ ಆಗ ತಿಳಿಯಿತು. ಅಂದಿನಿಂದ ಆಕೆ ಅವರೊಡನೆ ಮಾತು ಬಿಟ್ಟರು.

ಗಾಯ ಮಾಯಿತು, ಬೆರಳು ಮಡಚಲಿಲ್ಲ. ಮುಲಾಮು ಹಚ್ಚುವುದನ್ನೂ ರೊಟ್ಟಿ ಬಡಿಯುವುದನ್ನೂ ಮಾಸ್ತರರೇ ಹಿಡಿದರು. ಮುಲಾಮು ಹಚ್ಚುವಾಗ ಆಕೆ ಮುಖವನ್ನು ಗೋಡೆಯ ಕಡೆ ಮಾಡುತ್ತಿದ್ದರು. "ಮಾಸ್ತರ, ನೀವು ರೊಟ್ಟಿ ಬಡದ್ರ ನಮ್ಮ ಗ್ವಾಡಿ ನಡಗತೈತಿ," ಎಂದು ಮಿಲ್ಕಮ್ಮ ಚುಚ್ಚುತ್ತಿದ್ದಳು. ಅವರೊಳಗೆ ಸಿಟ್ಟು ಏಳುತ್ತಿತ್ತು. ಪ್ರಾರ್ಥಿಸಿದರೆ ಉತ್ತರವಿಲ್ಲ, ಮನೆಯಲ್ಲಿ ಮಾತಿಲ್ಲ. ಡಿಸೆಂಬರಿನಲ್ಲಿ ಒಮ್ಮೆ ಬಾಯಿಯವರ ಬಾಗಿಲಲ್ಲಿ ನಿಂತು, "ಇನ್ನ ಎಷ್ಟು ದಿವಸ್ರಿ?" ಎಂದು ಕೇಳಿದರು.

"ಗೊತ್ತಿಲ್ರಿ," ಎಂದರು ಬಾಯಿಯವರು, ಪಟ್ಟಿಯನ್ನು ತೋರಿಸುತ್ತ. ಮೊದಲು ಆ ಇಬ್ಬರ ಹೆಸರಿದ್ದ ಜಾಗದಲ್ಲಿ ಎರಡು ಖಾಲಿ ಸಾಲು. ಅದರ ಕೆಳಗೆ ಇತರರ ಹೆಸರು. ಆಗಸ್ಟಿನಿಂದ ಪ್ರತಿ ತಿಂಗಳೂ ಹಾಗೆಯೇ.

ಮಾರ್ಚ್ ಎರಡರ ಶನಿವಾರ ಬೆಳಿಗ್ಗೆ ಪೆರ್ಸಿಸ್‌ಬಾಯಿ ಎಡಗೈಯಿಂದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಹೇಳಿದರು: "ದಪ್ಪ ಆಗ್ಯಾವ. ಬೆಂದಿಲ್ಲ."

ಏಳು ತಿಂಗಳಲ್ಲಿ ಆಕೆಯ ಮೊದಲ ಮಾತು. ಮಾಸ್ತರರ ಕುತ್ತಿಗೆಯ ನರ ಉಬ್ಬಿತು. ಕೈ ತಾನಾಗಿ ತಟ್ಟೆಯ ಅಂಚು ಹಿಡಿಯಿತು. ಆಕೆ ಅದನ್ನು ನೋಡಿದರು, ಹಿಂದೆ ಸರಿಯಲಿಲ್ಲ. ಮಾಸ್ತರರು ಒಂದೊಂದೇ ಬೆರಳು ಬಿಡಿಸಿ ತಟ್ಟೆಯನ್ನು ಬಿಟ್ಟರು.

"ಹೌದು, ಬೆಂದಿಲ್ಲ. ಬ್ಯಾರೆ ಬಡೀತೀನಿ," ಎಂದರು. ಹಿಟ್ಟು ನಾದಿ ಹೊಸ ರೊಟ್ಟಿ ಬಡಿದು, ಬೇಯಿಸಿ ಆಕೆಯ ಮುಂದಿಟ್ಟರು.

ಪೆರ್ಸಿಸ್‌ಬಾಯಿ ಆ ರೊಟ್ಟಿಯನ್ನು ಪೂರ್ತಿ ಉಂಡರು. ಸೆರಗು ಹೊದ್ದು ದೇವಾಲಯದ ಹಿಂದಿನ ಕೋಣೆಗೆ ಹೋಗಿ, "ಬಾಯಾರ, ಎರಡು ಹೆಸರು ಬರೀರಿ," ಎಂದರು. ಯೂನಿಕೆಬಾಯಿಯವರು ಆ ಎರಡು ಖಾಲಿ ಸಾಲುಗಳಲ್ಲಿ ಬರೆದುಕೊಂಡರು.

ಪೆರ್ಸಿಸ್‌ಬಾಯಿಯ ಬೆರಳುಗಳು ಕೊನೆಯವರೆಗೂ ಮಡಚಲಿಲ್ಲ. ಮುಂದೆ ಸುಗ್ಗಿ ಆರಾಧನೆಯಲ್ಲಿ ಹಿರಿಯರು ಸಾಕ್ಷಿ ಹೇಳಿರೆಂದು ಕರೆದಾಗಲೆಲ್ಲ ಸೀಲ ಮಾಸ್ತರರು ಕುಳಿತಲ್ಲಿಂದ ಏಳಲಿಲ್ಲ.

"ನನ್ನ ಕೇಳಬ್ಯಾಡ್ರಿ," ಎನ್ನುತ್ತಿದ್ದರು. "ಮನ್ಯಾಗ ಕೇಳ್ರಿ."