ಆಮೆಗಾಡಿ ಹುಸೇನಪ್ಪ

ಬಹಳ ಹಿಂದಿನ ಮಾತು ಮಕ್ಕಳಾ. ಊರಿಗೆಲ್ಲ ಒಂದೇ ಟಿವಿ ಇದ್ದ ಕಾಲ. ಕರೇಕಲ್ಲು ಅನ್ನೋ ನಮ್ಮ ಊರಲ್ಲಿ ಹುಸೇನಪ್ಪ ಅಂತ ಒಬ್ಬ ಇದ್ದ. ಲಾರಿಗೆ ಬಾಡಿ ಕಟ್ಟುವವನು. ಅವನು ಬೆಸೆದ ಕಬ್ಬಿಣವನ್ನು ಆನೆ ಎಳೆದರೂ ಬಿಡಿಸಲಾರದು ಅನ್ನುತ್ತಿದ್ದರು.

ಒಂದು ಸಲ ಆ ಊರಿಗೆ ಟಿವಿ ಧಾರಾವಾಹಿಯವರು ಬಂದರು. ಬೇರೆ ಯಾವುದೋ ಗ್ರಹದ ಕಥೆಯಂತೆ. ಆಕಾಶದಿಂದ ಇಳಿದ ಕಳ್ಳರನ್ನು ಉಕ್ಕಿನ ಗಾಡಿಯೊಂದು ಬೆನ್ನಟ್ಟಬೇಕಂತೆ. ಊರ ಪಕ್ಕದ ನಮ್ಮ ಬೋಳು ಕಲ್ಲುಕ್ವಾರಿಯೇ ಅವರ ಕಣ್ಣಿಗೆ ಆ ಗ್ರಹವಾಗಿ ಕಂಡಿತು. ಗಾಡಿ ಮಾಡಿಕೊಡು ಅಂತ ಹುಸೇನಪ್ಪನನ್ನು ಕೇಳಿದರು. ತಗಡು ಹೊಡೆದು ಬಣ್ಣ ಬಳಿದರೆ ಸಾಕು ಅಂದರಂತೆ ಅವರ ಮ್ಯಾನೇಜರು.

"ಕಲ್ಲು ಉದುರೋ ಜಾಗ ಸಾಮಿ. ಒಳಗ ಕುಂದ್ರಾವ ಖರೇ ಮನುಷ್ಯ ಅಲ್ಲೇನು?" ಅಂದ ಹುಸೇನಪ್ಪ.

ಹಾಳುಬಿದ್ದ ಕ್ರಷರಿನ ದಪ್ಪ ಉಕ್ಕು ತಂದು ಹಳೇ ಲಾರಿಯ ಮೇಲೆ ಬೆಸೆದ. ಮುಂದೆ ಗಾಜಿಲ್ಲ, ನೋಡಲು ಒಂದು ಸೀಳು ಅಷ್ಟೆ. ಹಿಂದೆ ಒಂದು ಬಾಗಿಲು. ಜನ ಅದಕ್ಕೆ ಆಮೆಗಾಡಿ ಅಂದರು. ಅದನ್ನು ಓಡಿಸಲು ನಟನಿಗೆ ಬರಲಿಲ್ಲ, ಹುಸೇನಪ್ಪನೇ ಓಡಿಸಿದ.

ಭಾನುವಾರ ಸಂಜೆಯಾದರೆ ಊರಿಗೆ ಊರೇ ಪಂಚಾಯ್ತಿ ಟಿವಿ ಮುಂದೆ. ಅವನ ಮುಖ ಒಂದು ದಿನವೂ ಕಾಣಲಿಲ್ಲ. ಆದರೂ ಗಾಡಿ ಬಂತೆಂದರೆ "ನಮ್ಮ ಹುಸೇನಪ್ಪ!" ಅಂತ ಕೇಕೆ, ಸಿಳ್ಳೆ. ಹೆಂಡತಿ ಯಂಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಂಥ ಸಂಜೆಗಳು ಮಕ್ಕಳಾ ಅವು!

ಕೊನೆಯ ಕಂತಿನ ಶೂಟಿಂಗ್ ಬಾಕಿಯಿತ್ತು. ಒಂದು ಮಧ್ಯಾಹ್ನ ಕ್ವಾರಿಯ ಮೇಲಂಚು ಕುಸಿಯಿತು. ಕೆಳಗೆ ಜಲ್ಲಿ ಒಡೆಯುತ್ತಿದ್ದ ಹೆಂಗಸರು ಬಂಡೆಯ ಸಂದಿಗೆ ನುಗ್ಗಿದರು. ಅವರಲ್ಲಿ ನಾನೂ ಒಬ್ಬಳು. ಮೇಲಿಂದ ಕಲ್ಲು ಉದುರುವುದು ನಿಲ್ಲಲೇ ಇಲ್ಲ. ಯಾರೂ ಹತ್ತಿರ ಸುಳಿಯುವಂತಿರಲಿಲ್ಲ.

ಹುಸೇನಪ್ಪ ಗಾಡಿ ಹತ್ತಿದನಂತೆ. ಮ್ಯಾನೇಜರು ಅಡ್ಡ ನಿಂತರಂತೆ. "ಗಾಡಿ ಕೆಟ್ಟರೆ ಕಥೆ ಮುಗಿಸೋದು ಹೇಗಪ್ಪಾ?"

"ಅಲ್ಲಿ ಅವರ ಕಥೀನ ಮುಗೀತದಲ್ರೀ!"

ಗಾಡಿ ಹಾರಿಬಂತು ಅಂತಾರೆ ಈಗಿನವರು. ಬಂಡೆಗಳೇ ಸರಿದು ದಾರಿ ಬಿಟ್ಟವಂತೆ. ಇಲ್ಲ ಮಕ್ಕಳಾ, ಹಾರಲಿಲ್ಲ. ಹಿಂದುಹಿಂದಕ್ಕೆ ತೆವಳಿಕೊಂಡು ಬಂತು. ಬಾಗಿಲು ತೆರೆಯಿತು. "ಬರ್ರೆವ್ವಾ, ತಲಿ ಬಗ್ಗಿಸ್ರಿ" ಅಂದ. ಒಳಗೆ ಕತ್ತಲು. ಒಬ್ಬರ ಮಡಿಲಲ್ಲಿ ಒಬ್ಬರು ಬಿದ್ದೆವು. ಕಲ್ಲು ಬಡಿದರೆ ದೊಡ್ಡ ಗಂಟೆಯೊಳಗೆ ಕೂತ ಹಾಗೆ. ಒಂದು ಬಂಡೆ ಬಿದ್ದಾಗ ಚಾವಣಿ ಬಗ್ಗಿ ನನ್ನ ನೆತ್ತಿಗೆ ತಾಗಿತು. ಬೆಸುಗೆ ಮಾತ್ರ ಬಿಡಲಿಲ್ಲ. ಅವನು ಎತ್ತಿಗೆ ಹೇಳುವಂತೆ ಗಾಡಿಗೆ ಹೇಳುತ್ತಲೇ ಇದ್ದ, "ನಡಿಯೋ ನಮ್ಮಪ್ಪಾ, ಇನ್ನೊಂದೀಟು ನಡಿ."

ಎಲ್ಲರೂ ಬದುಕಿ ಹೊರಗೆ ಬಂದೆವು. ಗಾಡಿ ಮಾತ್ರ ಮತ್ತೆ ಅಲುಗಲಿಲ್ಲ. ಧಾರಾವಾಹಿಯವರು ಗಂಟುಮೂಟೆ ಕಟ್ಟಿದರು, ಕೊನೆಯ ಕಂತು ಬರಲೇ ಇಲ್ಲ. ಉಕ್ಕಿಗೆ ಕಲ್ಲು ಬಡಿದ ಆ ಸದ್ದಿಗೆ ಹುಸೇನಪ್ಪನ ಕಿವಿ ಮಂದವಾಯಿತು. ಆಮೇಲೆ ಕ್ವಾರಿಯಲ್ಲಿ ಸಿಡಿಮದ್ದಿಗೆ ಮೊದಲು ಊದುವ ಸೀಟಿಯ ಸಣ್ಣ ದನಿ ಅವನಿಗೆ ಕೇಳಿಸುತ್ತಿರಲಿಲ್ಲ, ದಪ್ಪ ದನಿಯಲ್ಲಿ ಕೂಗಿದರಷ್ಟೇ ಕೇಳುತ್ತಿತ್ತು. ಅದಕ್ಕೇ ಗುಡ್ಡದ ಮೇಲೆ ಮದ್ದು ಸಿಡಿಸುವವನು ಎದೆತುಂಬ ಹೆಸರು ಹಿಡಿದು ಕೂಗುವನು. ಕ್ವಾರಿ ಪಕ್ಕದ ದಾರಿಯಲ್ಲಿ ಹೋಗುತ್ತಿದ್ದ ಹುಸೇನಪ್ಪ ತಿರುಗಿ ಕೈ ಎತ್ತಿದ ಮೇಲೆಯೇ ಬತ್ತಿಗೆ ಬೆಂಕಿ.

ಅವನು ಹೋಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ಕರೇಕಲ್ಲಿನಲ್ಲಿ ಮದ್ದು ಸಿಡಿಸುವ ಮೊದಲು ದಾರಿಯ ಕಡೆ ಮುಖ ಮಾಡಿ "ಹುಸೇನಪ್ಪಾ!" ಅಂತ ಕೂಗುತ್ತಾರೆ. ದನಿ ಗುಡ್ಡಕ್ಕೆ ಬಡಿದು ಹಿಂದಕ್ಕೆ ಬರುತ್ತದೆ. ಒಬ್ಬ ಮನುಷ್ಯ ತಿರುಗಿ ಕೈ ಎತ್ತುವಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ.