ಬರ್ತೀನಯ್ಯನ ಬುಗ್ಗೆ: ಕೆಂಗಲ್ಲೂರು ರುದ್ರಭೂಮಿಯ ಮಹಾತ್ಮೆ

ಈಗ ಬಸ್ ನಿಲ್ದಾಣವಿರುವ ತಾವಿನಲ್ಲಿ ಹುಲಿಗಳು ನೀರು ಕುಡಿಯುತ್ತಿದ್ದ ಕಾಲದಲ್ಲಿ, ಪಂಡಿತರಿಂದ ಶೋಣಶಿಲಾಪುರವೆಂದೂ ಉಳಿದೆಲ್ಲರಿಂದ ಕೆಂಗಲ್ಲೂರೆಂದೂ ಕರೆಯಲ್ಪಡುತ್ತಿದ್ದ ಈ ನಗರದ ದಕ್ಷಿಣ ದಿಕ್ಕಿನಲ್ಲಿ, ಹುಣಿಸೆ ಹೊಂಗೆಗಳ ನಿಬಿಡ ಛಾಯೆಯಿಂದ ಆವೃತವಾದ ರುದ್ರಭೂಮಿಯನ್ನು ಮಾಳವ್ವನೆಂಬ ವಿಧವೆಯು ಕಾಯುತ್ತಿದ್ದಳು. ಗುಂಡಿ ತೋಡುವುದು ಅವಳ ಕುಲವೃತ್ತಿ. ಏಕಮಾತ್ರ ಪುತ್ರಿ ಚಿಕ್ಕೀರಿಯು ಸಿಡುಬಿನಿಂದ ಮೃತಳಾದಾಗ ಆ ಪುಟ್ಟ ಗುಂಡಿಯನ್ನೂ ಅವಳೇ ತೋಡಿದ್ದಳು. ಸಾವಿನ ಮನೆಯಿಂದಾಗಲಿ ಮಸಣದಿಂದಾಗಲಿ ಹೊರಡುವವರು ‘ಬರ್ತೀನಿ’ ಎನ್ನಬಾರದು, ತಿರುಗಿ ನೋಡಬಾರದು ಎಂಬ ಲೋಕರೂಢಿಗೆ ತಲೆಬಾಗಿ, ಹೆತ್ತ ತಾಯಿಯೂ ಅಂದು ಮಾತಿಲ್ಲದೆ ಎದ್ದು ನಡೆದಳು. ಆಮೇಲೆ ಪ್ರತಿ ಸಂಜೆ ಅಲ್ಲಿ ದೀಪವಿಟ್ಟಾಗಲೂ ಹಾಗೆಯೇ ಮೌನವಾಗಿ ಹಿಂದಿರುಗುತ್ತಿದ್ದಳು. ಹೇಳದೆ ಬಂದ ಆ ಒಂದು ಮಾತು ಅವಳ ಗಂಟಲಲ್ಲೇ ಉಳಿದಿತ್ತು.

ಆಗ ನಗರದ ಗೃಹಿಣಿಯರಿಗೆ ಬಟ್ಟೆ ಒಗೆಯಲು ಸಮಾಧಿಯ ಚಪ್ಪಡಿಗಳಷ್ಟು ನುಣುಪಾದ ಕಲ್ಲು ಬೇರೆಲ್ಲೂ ಸಿಗುತ್ತಿರಲಿಲ್ಲವಾಗಿ, ಅವು ಒಂದೊಂದೇ ಕಾಣೆಯಾಗತೊಡಗಿದವು. ಬೈದರೂ ಬೇಡಿದರೂ ಕಳ್ಳತನ ನಿಲ್ಲದಿರಲು ಮಾಳವ್ವನು ಸಂತೆಯ ನಡುವೆ ಕುಳಿತು, ಆ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದವರ ಜಡೆಯನ್ನು ಅದೃಶ್ಯಹಸ್ತವೊಂದು ಹಿಡಿದೆಳೆಯುವುದೆಂದೂ, ಹೆಣವಿಲ್ಲದೆ ಮಸಣಕ್ಕೆ ಕಾಲಿಟ್ಟವರ ಬೆನ್ನು ಹತ್ತಿದ ಪಿಶಾಚಗಣವು ಅಡುಗೆಮನೆಯವರೆಗೂ ಬರುವುದೆಂದೂ ಕಣ್ಣರಳಿಸಿ ವರ್ಣಿಸಿದಳು. ವಾರ ಕಳೆಯುವುದರೊಳಗೆ ಚಪ್ಪಡಿಗಳೆಲ್ಲ ಮಸಣದ ಬಾಗಿಲಿಗೆ ಮರಳಿದವು. ಕೆಲವಕ್ಕೆ ಬಟ್ಟೆ ಒಗೆಯುವ ಚೌಳುಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಮಾಳವ್ವ ಹೊಟ್ಟೆ ಹಿಡಿದು ನಕ್ಕಳು.

ಆ ನಗು ಬಹುಕಾಲ ಉಳಿಯಲಿಲ್ಲ. ನಗರವನ್ನಾಳುತ್ತಿದ್ದ ಬೊಮ್ಮರಸನಾಯಕನು ತನ್ನ ಗಜಸಮೂಹಕ್ಕೆ ಲಾಯ ಕಟ್ಟಿಸಲು ಸ್ಥಳವನ್ನು ಅರಸುತ್ತ ಬಂದು, ಹೆಜ್ಜೆ ಗುರುತೇ ಇಲ್ಲದ ರುದ್ರಭೂಮಿಯನ್ನು ಕಂಡು, ಬರುವ ಮಹಾಲಯ ಅಮಾವಾಸ್ಯೆಯಂದು ‘ಇಲ್ಲಿ ನಮ್ಮವರಿದ್ದಾರೆ’ ಎಂದು ಬಂದು ನಿಲ್ಲುವವರಿದ್ದರೆ ನಿಲ್ಲಲಿ, ಇಲ್ಲವಾದರೆ ನೆಲವನ್ನು ಅಗೆದು ಸಮ ಮಾಡತಕ್ಕದ್ದು ಎಂದು ಡಂಗುರ ಸಾರಿಸಿದನು. ಅವನು ದುಷ್ಟನೇನಲ್ಲ. ಯಾರೂ ಹೋಗದ ಜಾಗ ಯಾರಿಗೂ ಬೇಡವೆಂದು ತಿಳಿದನು, ಅಷ್ಟೆ.

ಚಿಕ್ಕೀರಿಯ ಮಣ್ಣನ್ನು ಆನೆ ತುಳಿಯುವುದೆಂದು ಎದೆಯೊಡೆದ ಮಾಳವ್ವನು ಬೀದಿ ಬೀದಿ ಅಲೆದು ಬಾಗಿಲು ತಟ್ಟಿದಳು. ಎಲ್ಲ ಮನೆಯಲ್ಲೂ ಒಂದೇ ಉತ್ತರ.

“ನೀನೇ ಹೇಳಿದ್ಯಲ್ಲವ್ವ, ಸುಮ್‌ಸುಮ್ಕೆ ಹೋದ್ರೆ ಬೆನ್ನತ್ತುತ್ತವೆ ಅಂತ! ಮನೇಲಿ ಎಳೆಕೂಸೈತೆ, ಹೋಗವ್ವ.”

ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂಬ ಗಾದೆಯು ಗುಂಡಿ ತೋಡುವವಳ ಪಾಲಿಗೇ ನಿಜವಾಯಿತು. ಅಮಾವಾಸ್ಯೆಯ ಮುನ್ನಾದಿನದ ಸಂಜೆ ಅವಳು ದೀಪವಿಟ್ಟು, ಮಗಳ ಸಮಾಧಿಯ ಮೇಲೆ ಕೈಯೂರಿ ಬಿಕ್ಕಿಬಿಕ್ಕಿ ಅತ್ತಳು. ಆಗ ಬಾಗಿಲ ಬಳಿಯ ಕೆಂಪು ಬಂಡೆಯ ಗರ್ಭದಿಂದ ಗಂಭೀರವಾಣಿಯೊಂದು ಹೊರಟಿತು:

“ಹೆದರಿಸಿ ಕಾದೆ, ಮಾಳವ್ವಾ. ಕಳ್ಳರ ಜೊತೆಗೆ ಇಲ್ಲಿ ಮಲಗಿದವರ ಮಕ್ಕಳು ಮೊಮ್ಮಕ್ಕಳೂ ದೂರವಾದರು. ಇನ್ನು ಕರೆದು ಕಾಯು. ಬಂದವರ ಮೈಲಿಗೆ ತೊಳೆಯಲು ನಾನೇ ನೀರಾಗುವೆನು. ಹೋಗುವವರು ಬರುವೆನೆಂದು ಹೇಳಿಯೇ ಹೋಗಲಿ. ಈ ನೆಲದಲ್ಲಿ ಆ ಮಾತಿಗೆ ದೋಷವಿಲ್ಲ.”

ಬೆಳಗಾಗುವಷ್ಟರಲ್ಲಿ ಬಂಡೆ ಬಿರಿದು ನಿರ್ಮಲೋದಕವು ಉಕ್ಕಿ ಹರಿಯುತ್ತಿತ್ತು. ಬಿಟ್ಟಿ ನೀರೆಂದರೆ ನಮ್ಮ ಊರಿನವರು ದೆವ್ವಕ್ಕೂ ಅಂಜುವವರಲ್ಲ. ಬಿಂದಿಗೆ ಹಿಡಿದು ಬಾಗಿಲವರೆಗೆ ಬಂದರು, ಅಲ್ಲೇ ನಿಂತರು. ಮಾಳವ್ವ ಅವರೆದುರು ಕೈಮುಗಿದಳು.

“ನಾನು ಹೇಳಿದ್ದೆಲ್ಲ ಸುಳ್ಳು ಕಣ್ರವ್ವ. ಒಳಗೆ ದೆವ್ವ ಇಲ್ಲ. ನಿಮ್ಮೋರವ್ರೆ, ಅಷ್ಟೆ.”

ಕೊನೆಗೆ ಲಕ್ಕಸಾನಿಯೆಂಬ ಮುದುಕಿ ಬಿಂದಿಗೆ ಕೆಳಗಿಟ್ಟಳು. “ನಮ್ಮವ್ವ ಎಲ್ಲವ್ಳೆ, ತೋರ್ಸು ನಡಿ.”

ಮಾಳವ್ವ ಮುಂದೆ, ಊರು ಹಿಂದೆ. ಮಾಡಿದ ಮಡಕೆಯನ್ನೆಲ್ಲ ಬೆರಳಿಂದ ಬಡಿದು ಕಿವಿಗಿಟ್ಟು ಕೇಳುತ್ತಿದ್ದ ಕುಂಬಾರ ಕೆಂಚಯ್ಯ ಇಲ್ಲಿ, ಅರ್ಧ ಊರಿನ ಹೊಕ್ಕುಳಬಳ್ಳಿ ಕೊಯ್ದು ಇಡೀ ಊರನ್ನು ಬೈಯುತ್ತಿದ್ದ ಸೂಲಗಿತ್ತಿ ಅಲ್ಲಿ ಎಂದು ಅವಳು ತೋರಿಸುತ್ತ ಹೋದಂತೆ ಜನ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು, ಆಮೇಲೆ ತಾವೇ ಕಥೆ ಹೇಳತೊಡಗಿದರು. ಗುದ್ದಲಿಯವರೊಡನೆ ಬಂದ ನಾಯಕನು ಈ ಜನಸಮೂಹವನ್ನು ಕಂಡು ವಿಸ್ಮಿತನಾಗಿ ಹಿಂಬಾಲಿಸಿದನು. ಒಂದು ಪುಟ್ಟ ಸಮಾಧಿಯನ್ನು ಮಾತ್ರ ಅವಳು ಸುಮ್ಮನೆ ದಾಟಿದಳು.

“ಇದು ಯಾರದು?” ಎಂದನು ನಾಯಕ.

ಲಕ್ಕಸಾನಿ ಮುಂದೆ ಬಂದಳು.

“ನಮ್ಮ ಚಿಕ್ಕೀರಿದು, ನನ್ನೊಡೆಯ. ಕುಂಟೆಬಿಲ್ಲೇಲಿ ನನ್ನ ಮೊಮ್ಮಗಳನ್ನ ಒಂದು ದಿನವೂ ಗೆಲ್ಲೋಕೆ ಬಿಡ್ಲಿಲ್ಲ, ಕಿಲಾಡಿ.”

ಊರವರ ಕಥೆಯನ್ನೆಲ್ಲ ಹೇಳಿದವಳು ತನ್ನ ಮಗಳ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಗಟ್ಟಿಯಾಗಿ ಅತ್ತುಬಿಟ್ಟಳು. ನಾಯಕನು ಗುದ್ದಲಿಯವರನ್ನು ಹಿಂದಕ್ಕೆ ಕಳುಹಿಸಿದನು. ಬುಗ್ಗೆಯಲ್ಲಿ ಕಾಲು ತೊಳೆದ ಜನ ಬಾಗಿಲಲ್ಲಿ ತಿರುಗಿ ನಿಂತು, ಮಾಳವ್ವ ತಿಳಿಸಿದ ಬಂಡೆಯ ಅಪ್ಪಣೆಯಂತೆ ಅಂಜುತ್ತಂಜುತ್ತಲೇ ‘ಬರ್ತೀವಿ’ ಎಂದರು. ಎಲ್ಲರೂ ಹೋದ ಮೇಲೆ ಮಾಳವ್ವನೂ ಆ ಪುಟ್ಟ ಸಮಾಧಿಯತ್ತ ತಿರುಗಿ, “ಬರ್ತೀನಿ, ಮಗಳೇ” ಎಂದಳು.

ಬಂಡೆಯಲ್ಲಿ ನೆಲೆಸಿದ ಸ್ವಾಮಿಗೆ ಶ್ರೀ ಪುನರಾಗಮನೇಶ್ವರನೆಂದು ನಾಮಧೇಯ. ಊರಿನವರ ಬಾಯಲ್ಲಿ ಬರ್ತೀನಯ್ಯ. ಬುಗ್ಗೆ ಇಂದಿಗೂ ಬತ್ತಿಲ್ಲ. ಮಹಾಲಯ ಅಮಾವಾಸ್ಯೆಯಂದು ಸಕಲ ನಗರವೂ, ಪ್ರತಿ ಭಾನುವಾರ ಬೆಳಿಗ್ಗೆ ರುದ್ರಭೂಮಿ ಸಂರಕ್ಷಣಾ ಸಮಿತಿಯವರೊಡನೆ ಆಸಕ್ತರೂ ಮಾಳವ್ವ ನಡೆದ ದಾರಿಯಲ್ಲೇ ನಡೆದು ಕಥೆ ಕೇಳುತ್ತಾರೆ. ಚಪ್ಪಡಿಯ ಮೇಲೆ ಬಟ್ಟೆ ಒಗೆಯುವವರು ಈಗಿಲ್ಲ, ಮೊಳೆಯಿಂದ ತಮ್ಮ ಹೆಸರು ಗೀಚುವವರಿದ್ದಾರೆ. ಅಂಥವರ ಜುಟ್ಟನ್ನೂ ಅದೃಶ್ಯಹಸ್ತವು ಎಳೆಯುವುದೆಂದು ಇಲ್ಲಿ ಬರೆಯಲು ಸಮಿತಿಗೆ ಬಹಳ ಆಸೆ; ಆದರೆ ಹೆದರಿಸಲು ಸ್ವಾಮಿಯ ಅಪ್ಪಣೆಯಿಲ್ಲ. ದಯವಿಟ್ಟು ಗೀಚಬೇಡಿ.

ಯಾತ್ರೆ ಮುಗಿಯುವುದು ಚಿಕ್ಕೀರಿಯ ಸಮಾಧಿಯ ಬಳಿ. ಅದಕ್ಕೆ ಒತ್ತಿಕೊಂಡಂತೆ ಇನ್ನೊಂದು ಸಮಾಧಿಯಿದೆ. ಮಾಳವ್ವ ಹೇಳಿದ ಮಾತಿನಂತೆ ಬಂದಳು.