ಹಿತ್ತಾಳೆ ಕೊಡದ ಅರವಟ್ಟಿಗೆ

“ಗುರುಗಳೇ, ಈಗಿನ ಮಕ್ಕಳಿಗೆ ಓದಬೇಕೆಂಬ ಬಾಯಾರಿಕೆಯೇ ಇಲ್ಲವಲ್ಲ, ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

ಬೇಸಿಗೆ ರಜೆ ಶುರುವಾಗಿತ್ತು. ಊರ ಶಾಲೆಯ ಪುಸ್ತಕದ ಬೀರುವನ್ನು ಈ ಶಿಷ್ಯನೇ ನೋಡಿಕೊಳ್ಳುತ್ತಿದ್ದ. ಅದರ ಬೀಗದ ಕೈ ಅವನ ಉಡಿದಾರದಲ್ಲೇ ಇರುತ್ತಿತ್ತು.

“ನೀನೇನು ಮಾಡಿದೆ?” ಎಂದರು ಗುರು.

“ರಜೆಯಲ್ಲಿ ಬಂದು ಓದಿ ಎಂದೆ. ಕೈ ತೊಳೆದು ಮುಟ್ಟಬೇಕು, ಪುಟ ಮಡಿಸಬಾರದು, ಓದಿದ ಮೇಲೆ ಸಾರಾಂಶ ಬರೆದು ನೀತಿ ಹೇಳಬೇಕು ಎಂದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಆದರೆ ಕಡಲೆಕಾಯಿ ಕಟ್ಟಿಕೊಟ್ಟ ಪೇಪರಿನ ಚೂರನ್ನು ಕಿತ್ತಾಡಿಕೊಂಡು ಓದುತ್ತವೆ!”

ಗುರು ನಕ್ಕರು. “ಕೂತುಕೋ” ಎಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ತಾಯಿ ಸಾಯುವಾಗ ಒಂದೇ ಮಾತು ಕೇಳಿದಳು: “ಬೇಸಿಗೆಯಲ್ಲಿ ನಮ್ಮ ಮನೆ ಮುಂದಿನ ದಾರಿಯಲ್ಲಿ ಯಾರೂ ಬಾಯಾರಿ ಹೋಗಬಾರದು, ಮಗಾ.” ಅವನು ಮಾತು ಕೊಟ್ಟ. ಬಿಸಿಲು ಏರಿದ ಕೂಡಲೇ ದಾರಿ ಬದಿಗೆ ಚಪ್ಪರ ಹಾಕಿ ಅರವಟ್ಟಿಗೆ ಇಟ್ಟ. ಬಂದವರಿಗೆಲ್ಲ ಪುಕ್ಕಟೆ ನೀರು. ತಾಯಿಯ ಹೆಸರಿಗೆ ಮಣ್ಣಿನ ಗಡಿಗೆ ಸಾಲದು ಎಂದು ಹಿತ್ತಾಳೆ ಕೊಡಗಳನ್ನು ತಂದ. ಹುಣಸೆಹಣ್ಣು ಹಚ್ಚಿ ಬೆಳಗಿಸಿದ. ಬೆಳಗಿದ ಕೊಡ ಮಾಸಬಾರದಲ್ಲ, ಸುತ್ತ ಬೇಲಿ ಹಾಕಿಸಿದ.

ದಾನ ಕೊಡುವವನಿಗೆ ಧಣಿಯಾಗುವ ಚಟ ಬಲು ಬೇಗ ಹತ್ತುತ್ತದೆ. ವ್ಯಾಪಾರಿ ತಾನೇ ಬೇಲಿಯ ಬಾಗಿಲಲ್ಲಿ ಕೂತ. ಆಡಿ ಬೆವತ ಮಕ್ಕಳು ಓಡಿಬಂದರೆ, “ಕಾಲು ತೊಳೆದಿರಾ?” ಎಂದ. ತೊಳೆಯಲು ನೀರೆಲ್ಲಿತ್ತು? ಒಬ್ಬ ಹುಡುಗ ಲೋಟ ಎತ್ತಿ ಕುಡಿಯುತ್ತಿದ್ದಾಗಲೇ, “ನೀರಿನಿಂದ ಆಗುವ ಲಾಭವೇನು, ಹೇಳು” ಎಂದ. ಹುಡುಗನಿಗೆ ನೀರು ನೆತ್ತಿಗೆ ಹತ್ತಿತು. ಕೆಮ್ಮಿದ. ನೀರು ಚೆಲ್ಲಿತು. ವ್ಯಾಪಾರಿ ಬೈದು ಅಟ್ಟಿದ. ಮಾರನೆಯ ದಿನ ಮಕ್ಕಳು ಬರಲಿಲ್ಲ. ದಾರಿಹೋಕರೂ ಅವನ ಪ್ರಶ್ನೆಗೆ ಹೆದರಿ ಮುಂದೆ ನಡೆದರು. ಕೊಡಗಳು ತುಂಬಿಕೊಂಡೇ ಹೊಳೆಯುತ್ತಿದ್ದವು.

“ಈಗಿನವರಿಗೆ ಬಾಯಾರಿಕೆಯೇ ಆಗುವುದಿಲ್ಲ” ಎಂದು ಅವನು ಕಂಡಕಂಡವರಿಗೆಲ್ಲ ಹೇಳಿದ. ಆದರೆ ತಾಯಿಗೆ ಕೊಟ್ಟ ಮಾತು ಒಳಗೆ ಚುಚ್ಚುತ್ತಿತ್ತು. ಬೇಸಿಗೆ ಅರ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಮಕ್ಕಳನ್ನು ಹುಡುಕಿಕೊಂಡು ಹೊರಟ. ಊರಾಚೆ, ದನ ನೀರು ಕುಡಿಯುವ ಕಲ್ಲುಬಾನಿಯ ಹತ್ತಿರ ಎಲ್ಲರೂ ಸಿಕ್ಕರು. ಆ ಕಡೆಯಿಂದ ಒಂದು ಎಮ್ಮೆ, ಈ ಕಡೆಯಿಂದ ಮಕ್ಕಳು, ಬಾಯಿ ಹಚ್ಚಿ ಕುಡಿಯುತ್ತಿದ್ದರು.

“ಥೂ! ಹಿತ್ತಾಳೆ ಕೊಡ ಬಿಟ್ಟು ಎಮ್ಮೆ ಎಂಜಲು ಕುಡೀತೀರಲ್ರೋ!”

ಒಬ್ಬ ಹುಡುಗಿ ಮೂತಿ ಒರೆಸಿಕೊಂಡಳು. “ಎಮ್ಮೆ ಏನೂ ಕೇಳೋದಿಲ್ಲ, ಸಾಹುಕಾರ್ರೇ.”

ಮಕ್ಕಳು ಗೊಳ್ಳೆಂದು ನಕ್ಕರು. ವ್ಯಾಪಾರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನಿಗೂ ನಗು ಬಂತು. ಬಾಯಾರಿಕೆ ಊರ ತುಂಬ ಇತ್ತು. ಅಡ್ಡ ಕೂತವನು ತಾನು.

ಅಂದೇ ಬೇಲಿ ಕಿತ್ತ. ಹಿತ್ತಾಳೆ ಕೊಡಗಳನ್ನು ಅಟ್ಟಕ್ಕೆ ಏರಿಸಿದ. ಮಣ್ಣಿನ ಗಡಿಗೆ ತುಂಬಿಟ್ಟು, ಪಕ್ಕಕ್ಕೆ ತೆಂಗಿನ ಚಿಪ್ಪು ಇಟ್ಟು, ಮನೆಯೊಳಗೆ ಹೋಗಿ ಮಲಗಿದ. ಮಕ್ಕಳು ಕುಡಿದರು, ಚೆಲ್ಲಿದರು, ಒಬ್ಬರ ತಲೆಗೊಬ್ಬರು ಸುರಿದರು. ಗಡಿಗೆಯನ್ನೂ ಒಡೆದರು. ಕುಂಬಾರ ಊರಲ್ಲೇ ಇದ್ದ, ಬೇರೆ ಗಡಿಗೆ ಬಂತು. ಮಳೆ ಬೀಳುವವರೆಗೂ ಆ ದಾರಿಯಲ್ಲಿ ಯಾರೂ ಬಾಯಾರಿ ಹೋಗಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು.

“ಬಹಳ ಚೆನ್ನಾಗಿದೆ ಗುರುಗಳೇ! ನಾಳೆಯೇ ಮಕ್ಕಳನ್ನು ಸಾಲಾಗಿ ಕೂರಿಸಿ ಈ ಕತೆ ಹೇಳುತ್ತೇನೆ. ಸಾರಾಂಶ ಬರೆಸಿ ನೀತಿ ಕೇಳುತ್ತೇನೆ.”

ಗುರು ಕೈ ಚಾಚಿದರು. “ಆ ಬೀಗದ ಕೈ ಬಿಚ್ಚಿ ಕೊಡು, ಯಾವುದಾದರೂ ಎಮ್ಮೆಯ ಕೊರಳಿಗೆ ಕಟ್ಟುತ್ತೇನೆ.”